ಆಟದ ಸರ್ವರಿಗೆ ತಕ್ಕ ಡಿಸ್ಕು: ಒಂದು ವಿವೇಚನೆ

ವಿಷಯಪ್ರವೇಶ

ವಿದ್ಯಾಸಂಸ್ಥೆಗೆ ಒಂದು ವಸ್ತುವನ್ನು ದಾನವಾಗಿ ಕೊಡುವುದು ಪುಣ್ಯಕಾರ್ಯ. ಯಾವ ವಸ್ತು ಎಲ್ಲಿಗೆ ತಕ್ಕುದೆಂದು ವಿವೇಚಿಸಿ ಕೊಡುವುದು ಅದಕ್ಕಿಂತ ಮಿಗಿಲಾದುದು. ಹಿಂದಿನ ದಾನಿಗಳು ಶಾಲೆಗಳಿಗೆ ಗಡಿಯಾರ, ಬೀರು, ಭೂಪಟ, ಗೋಳ ಮುಂತಾದವನ್ನು ಕೊಡುತ್ತಿದ್ದರು. ಇಂದಿನ ಹಳೆಯ ವಿದ್ಯಾರ್ಥಿಗಳು ಗಣಕಯಂತ್ರಗಳನ್ನು ಕೊಡುತ್ತಾರೆ. ಗಡಿಯಾರ ಕೆಟ್ಟರೆ ವೇಳೆ ತಪ್ಪೀತು, ಅಷ್ಟೆ. ಗಣಕದೊಳಗಿನ ಡಿಸ್ಕು ಕೆಟ್ಟರೆ ಮಕ್ಕಳು ವರ್ಷವೆಲ್ಲ ಕೂಡಿಹಾಕಿದ ಕೆಲಸ ಒಂದು ಕ್ಷಣದಲ್ಲಿ ಇಲ್ಲವಾದೀತು. ಆದಕಾರಣ ಡಿಸ್ಕಿನ ಆಯ್ಕೆ ಕೇವಲ ಅಂಗಡಿಯವನಿಗೆ ಬಿಡತಕ್ಕ ವಿಚಾರವಲ್ಲ.

ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಬರೆದುದನ್ನು ಕಾಪಾಡುವುದು, ಕೆಡುವ ಮುನ್ನ ಪ್ರತಿಮಾಡುವುದು, ಪ್ರತಿಯನ್ನು ಮೂಲದೊಡನೆ ತಾಳೆ ನೋಡುವುದು - ಇವು ಓಲೆಗರಿಯ ಕಾಲದಿಂದ ಪಂಡಿತರ ಕೆಲಸಗಳೇ ಆಗಿವೆ. ಕಂಠಪತ್ರ ಹೋಗಿ ಡಿಸ್ಕು ಬಂದಿರುವುದರಿಂದ ಆ ಕರ್ತವ್ಯ ಬದಲಾಗಿಲ್ಲ.

ಆಟದ ಸರ್ವರ್ ಎಂದರೇನು?

ಒಂದು ಕೊಠಡಿಯ ಹಲವು ಗಣಕಗಳಿಗೆ ಬೇಕಾದುದನ್ನು ಒದಗಿಸುವುದಕ್ಕಾಗಿಯೇ ಮೀಸಲಾದ ಗಣಕಕ್ಕೆ ಸರ್ವರ್ ಎಂದು ಹೆಸರು. ಅದು ಆಟವೊಂದನ್ನೇ ನಡೆಸುತ್ತಿದ್ದರೆ ಆಟದ ಸರ್ವರ್. ಶಾಲೆಗೂ ಆಟಕ್ಕೂ ಏನು ಸಂಬಂಧವೆಂದು ಹುಬ್ಬೇರಿಸಬೇಕಾಗಿಲ್ಲ. ಲುವಾಂಟಿ ಎಂಬ ಆಟವನ್ನೇ ನೋಡೋಣ. ಇದು 2010ರಲ್ಲಿ ಫಿನ್‌ಲೆಂಡಿನಲ್ಲಿ ಹುಟ್ಟಿದುದು. 2024ರವರೆಗೆ ಮೈನ್‌ಟೆಸ್ಟ್ ಎಂದು ಹೆಸರಾಗಿದ್ದುದು. ಬೆಲೆಯಿಲ್ಲದೆ ಯಾರಿಗೂ ದೊರೆಯತಕ್ಕದ್ದು. ಇದರಲ್ಲಿ ಮೂವತ್ತು ಮಕ್ಕಳು ಒಂದೇ ಲೋಕವನ್ನು ಪ್ರವೇಶಿಸಿ, ಘನಾಕೃತಿಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಮನೆ, ಸೇತುವೆ, ಕಾಲುವೆಗಳನ್ನು ಕಟ್ಟಬಲ್ಲರು. ಹೆಗ್ಗಡದೇವನಕೋಟೆಯ ಮಗು ಕಬಿನಿಯ ಅಣೆಕಟ್ಟನ್ನೂ, ಕೃಷ್ಣರಾಜನಗರದ ಕಡೆಯ ಮಗು ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಬಂಡೆಗಳನ್ನೂ ಅಳತೆ ಹಿಡಿದು ಕಟ್ಟಿದರೆ, ಅಲ್ಲಿಯೇ ಕ್ಷೇತ್ರಗಣಿತವೂ ಭೂಗೋಳವೂ ಆದಂತಾಯಿತು. ಈ ಸರ್ವರಿಗೆ ಅಂತರಜಾಲವೂ ಬೇಕಿಲ್ಲ. ಶಾಲೆಯೊಳಗಿನ ತಂತಿಜಾಲವೇ ಸಾಕು. ಸಂಪರ್ಕ ಆಗಾಗ ಕಡಿಯುವ ನಮ್ಮ ಊರುಗಳಿಗೆ ಇದೊಂದು ಅನುಕೂಲ.

ಆ ಲೋಕವೆಲ್ಲ ಇರುವುದು ಎಲ್ಲಿ? ಸರ್ವರಿನ ಡಿಸ್ಕಿನಲ್ಲಿ. ಮಗುವಿನ ಮುಂದಿರುವ ಗಣಕ ಬರಿಯ ಕಿಟಕಿ. ಮನೆ ಇರುವುದು ಸರ್ವರಿನಲ್ಲಿ. ಹತ್ತು ಕಿಟಕಿ ಒಡೆದರೂ ಮನೆ ನಿಂತೀತು. ಮನೆ ಬಿದ್ದರೆ ಕಿಟಕಿಯಿಂದ ಏನು ಪ್ರಯೋಜನ?

ಡಿಸ್ಕಿನ ಎರಡು ಜಾತಿಗಳು

ಪೇಟೆಯಲ್ಲಿ ದೊರೆಯುವ ಡಿಸ್ಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ತಿರುಗುವ ಹಾರ್ಡ್ ಡಿಸ್ಕು. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಇದರ ಆದಿರೂಪವನ್ನು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಬೃಹದ್ಯಂತ್ರ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಗಲದ ಪೆಟ್ಟಿಗೆ ಅದರ ಲಕ್ಷಾಂತರ ಪಾಲು ಹಿಡಿಯುತ್ತದೆ. ಆದರೆ ಕ್ರಮ ಅದೇ. ಕಾಂತಲೇಪವುಳ್ಳ ತಟ್ಟೆ ತಿರುಗುತ್ತಿರುತ್ತದೆ. ತೋಳಿನ ತುದಿಯ ಸೂಕ್ಷ್ಮಶಿರಸ್ಸು ಬೇಕಾದೆಡೆಗೆ ಸರಿದು ಓದುತ್ತದೆ ಅಥವಾ ಬರೆಯುತ್ತದೆ.

ಎರಡನೆಯದು ಎಸ್.ಎಸ್.ಡಿ. ಇದರಲ್ಲಿ ತಿರುಗುವ ಅಂಗವಿಲ್ಲ. 1980ರ ದಶಕದಲ್ಲಿ ಜಪಾನಿನ ತೋಶಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೋಕ ಎಂಬ ವಿಜ್ಞಾನಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಇದರ ಆಧಾರ. ಅತಿಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದು ಅಕ್ಷರವನ್ನು ಉಳಿಸುವುದು ಇದರ ಕ್ರಮ.

ಇವುಗಳ ಅಂತರವನ್ನು ನಮಗೆ ಪರಿಚಿತವಾದ ದೃಷ್ಟಾಂತದಿಂದ ಹೇಳುತ್ತೇನೆ. ಗ್ರಂಥವನ್ನು ಓದುವುದು ಎರಡು ತೆರ. ಆದಿಯಿಂದ ಅಂತ್ಯದವರೆಗೆ ಸತತವಾಗಿ ಪಾರಾಯಣ ಮಾಡುವುದು ಒಂದು; ನಿಘಂಟಿನಲ್ಲಿ ಈಗೊಂದು ಪದ, ಮರುಕ್ಷಣ ಮತ್ತೊಂದು ಪದ ಹುಡುಕುವುದು ಇನ್ನೊಂದು. ಹಾರ್ಡ್ ಡಿಸ್ಕು ಪಾರಾಯಣದಲ್ಲಿ ಸಮರ್ಥ. ಸೆಕೆಂಡಿಗೆ 150ರಿಂದ 250 ಮೆಗಾಬೈಟಿನಷ್ಟನ್ನು ಸರಾಗವಾಗಿ ಓದಬಲ್ಲದು. ನಿಘಂಟು ಹುಡುಕುವ ಕೆಲಸ ಬಂದರೆ ಅದು ಬಳಲುತ್ತದೆ. ಲೆಕ್ಕ ಸರಳವಾಗಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗಿತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಬೇಕಾದ ಜಾಗ ಶಿರಸ್ಸಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೆ ತುಸು ಹೆಚ್ಚು. ತೋಳು ಸರಿಯಲು ಇನ್ನೂ 8 ಅಥವಾ 9 ಮಿಲಿಸೆಕೆಂಡು. ಹೀಗೆ ಒಂದೊಂದು ಹುಡುಕಾಟಕ್ಕೂ 12 ಮಿಲಿಸೆಕೆಂಡು ಮೀರಿತೆಂದರೆ ಸೆಕೆಂಡಿಗೆ 80 ಹುಡುಕಾಟದ ಆಸುಪಾಸಿಗೆ ಅದರ ಶಕ್ತಿ ಮುಗಿಯಿತು. ಎಸ್.ಎಸ್.ಡಿ.ಯಾದರೋ ಅದೇ ಸೆಕೆಂಡಿನಲ್ಲಿ ಹತ್ತಾರು ಸಾವಿರ ಹುಡುಕಾಟಗಳನ್ನು ಮುಗಿಸುತ್ತದೆ.

ಯಾವ ಆಟಕ್ಕೆ ಯಾವುದು ತಕ್ಕುದು?

ಈಗ ಪ್ರಕೃತ ಪ್ರಶ್ನೆಗೆ ಬರೋಣ. ಆಟಗಳೆಲ್ಲ ಡಿಸ್ಕನ್ನು ಒಂದೇ ರೀತಿ ದುಡಿಸುವುದಿಲ್ಲ. ಚದುರಂಗದ ಸರ್ವರ್ ನಡೆಗಳನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಯಾವ ಡಿಸ್ಕಾದರೂ ಸರಿಯೆ. ಕೌಂಟರ್ ಸ್ಟ್ರೈಕ್‌ನಂತಹ ಸ್ಪರ್ಧೆಯ ಆಟದಲ್ಲಿ ರಂಗಭೂಮಿ ಆರಂಭದಲ್ಲೇ ರ‍್ಯಾಮಿಗೆ ಬಂದುಬಿಡುತ್ತದೆ. ಅನಂತರ ಡಿಸ್ಕಿಗೆ ಹೆಚ್ಚಿನ ಕೆಲಸವಿರದು. ಡಿಸ್ಕನ್ನು ನಿಜವಾಗಿ ಪರೀಕ್ಷಿಸುವುದು ಕಟ್ಟುವ ಆಟ. ಮೂವತ್ತು ಮಕ್ಕಳು ಮೂವತ್ತು ದಿಕ್ಕಿಗೆ ಹೊರಟರೆ ಆಯಾ ದಿಕ್ಕಿನ ನೆಲವನ್ನೆಲ್ಲ ಡಿಸ್ಕಿನ ಬೇರೆ ಬೇರೆ ಮೂಲೆಗಳಿಂದ ತೆಗೆದು ತರಬೇಕು. ಅದೇ ಹೊತ್ತಿನಲ್ಲಿ ಮಕ್ಕಳು ಮಾಡಿದ ಬದಲಾವಣೆಗಳನ್ನು ಬರೆದಿಡಲೂ ಬೇಕು. ಲುವಾಂಟಿ ಸರ್ವರ್ ಬೇರೆ ಏನೂ ಹೇಳದಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಲೋಕದ ನಕ್ಷೆಯನ್ನು ಡಿಸ್ಕಿಗೆ ಬರೆಯುತ್ತದೆ. ಇದು ಪಾರಾಯಣವಲ್ಲ, ನಿಘಂಟಿನ ಕೆಲಸ. ಸೆಕೆಂಡಿಗೆ 80 ಹುಡುಕಾಟದ ಡಿಸ್ಕು ಇಲ್ಲಿ ಸೋಲುತ್ತದೆ. ಮಗುವಿನ ಮುಂದಿನ ನೆಲ ತಡವಾಗಿ ಮೂಡುತ್ತದೆ. ಆಟ ತಡೆತಡೆದು ನಡೆಯುತ್ತದೆ. ಆದ್ದರಿಂದ ಲೋಕವನ್ನು ಇರಿಸತಕ್ಕದ್ದು ಎಸ್.ಎಸ್.ಡಿ.ಯಲ್ಲಿ. ಇದು ಮೊದಲ ನಿರ್ಣಯ.

ಎಸ್.ಎಸ್.ಡಿ.ಯಲ್ಲಿಯೂ ಸಾಟಾ, ಎನ್.ವಿ.ಎಂ.ಇ. ಎಂದು ಎರಡು ಬಗೆ. ಮೊದಲನೆಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟಿಗೆ ನಿಲ್ಲುತ್ತದೆ. ಎರಡನೆಯದು ಸಾವಿರಾರು ಮೆಗಾಬೈಟು ಮುಟ್ಟುತ್ತದೆ. ದೊಡ್ಡ ಅಂಕೆಯನ್ನು ಕಂಡು ದಾನಿಗಳು ಮರುಳಾಗಬೇಕಿಲ್ಲ. ಶಾಲೆಯ ಆಟಕ್ಕೆ ಮೊದಲನೆಯ ಬಗೆಯೇ ಸಾಕು. ಅದರಾಚೆಗೆ ಆಟದ ವೇಗ ಬಹುಮಟ್ಟಿಗೆ ಪ್ರೊಸೆಸರಿಗೆ ಸೇರಿದ್ದು. ಹಾಗೆಯೇ ಗಾತ್ರದ ವಿಚಾರ. ತರಗತಿಯೊಂದು ಕಟ್ಟಿದ ಲೋಕ ಸಾಮಾನ್ಯವಾಗಿ ಕೆಲವೇ ಗಿಗಾಬೈಟು. ಅದಕ್ಕೆ 8 ಟೆರಾಬೈಟಿನ ಡಿಸ್ಕು ತರುವುದು ಪಾವು ರಾಗಿಗೆ ಕಣಜ ಕಟ್ಟಿದಂತೆ. 500 ಗಿಗಾಬೈಟು ಸಾಕು. 1 ಟೆರಾಬೈಟು ಧಾರಾಳ.

ಎಸ್.ಎಸ್.ಡಿ. ಬರೆದು ಬರೆದು ಸವೆಯುತ್ತದೆ ಎಂಬ ಭಯ ಕೆಲವರಿಗಿದೆ. ಅದು ನಿಜವೇ, ಲೆಕ್ಕ ಹಾಕಿದರೆ ಭಯದ ಪ್ರಮಾಣ ತಿಳಿದೀತು. 1 ಟೆರಾಬೈಟಿನ ಸಾಧಾರಣ ಒಳ್ಳೆಯ ಡಿಸ್ಕಿಗೆ ತಯಾರಕರು ಅನೇಕ ವೇಳೆ 600 ಟೆರಾಬೈಟು ಬರೆಯುವವರೆಗೆ ಭರವಸೆ ಕೊಡುತ್ತಾರೆ. ದಿನಕ್ಕೆ 50 ಗಿಗಾಬೈಟು ಬರೆದರೂ ಆ ಮಿತಿ ಮುಟ್ಟಲು 12,000 ದಿನ, ಎಂದರೆ 32 ವರ್ಷಕ್ಕೂ ಮಿಗಿಲು. ಸವೆತಕ್ಕೆ ಮೊದಲೇ ಬೇರೆ ಕಾರಣದಿಂದ ಡಿಸ್ಕು ಹೋಗುವ ಸಂಭವವೇ ಹೆಚ್ಚು. ಆ ಕಾರಣಗಳನ್ನು ನೋಡೋಣ.

ವಿದ್ಯುತ್ತು, ತಾಪ, ಧೂಳು

ನಮ್ಮ ಸೀಮೆಯಲ್ಲಿ ಡಿಸ್ಕಿನ ಮೊದಲ ಶತ್ರು ವಿದ್ಯುತ್ತಿನ ಚಾಂಚಲ್ಯ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಸಂಜೆಗಳಲ್ಲಿ ದೀಪ ಹೋಗುವುದು, ಬರುವುದು, ಮತ್ತೆ ಹೋಗುವುದು ಎಲ್ಲರಿಗೂ ಗೊತ್ತಿರುವುದೇ. ಸಾಧಾರಣ ಎಸ್.ಎಸ್.ಡಿ.ಯು ಬರೆಯತಕ್ಕುದನ್ನು ಮೊದಲು ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡು ಅನಂತರ ಕೋಶಗಳಿಗೆ ಇಳಿಸುತ್ತದೆ. ಆ ನಡುವೆ ವಿದ್ಯುತ್ತು ಹೋದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಸರ್ವರಿಗೆಂದೇ ಮಾಡಿದ ಕೆಲವು ಡಿಸ್ಕುಗಳಲ್ಲಿ ಸಣ್ಣ ವಿದ್ಯುತ್ಸಂಗ್ರಾಹಕಗಳಿದ್ದು, ಕೊನೆಯ ಅಕ್ಷರವನ್ನು ಬರೆದು ಮುಗಿಸುವಷ್ಟು ಕಾಲಾವಕಾಶ ಕೊಡುತ್ತವೆ. ಇವು ದುಬಾರಿ, ಕೊಳ್ಳಲಾದರೆ ಉತ್ತಮ. ಕೊಳ್ಳಲಾಗದಿದ್ದರೆ ಯು.ಪಿ.ಎಸ್. ಅನಿವಾರ್ಯ. ಯು.ಪಿ.ಎಸ್.ನಿಂದ ಸರ್ವರಿಗೆ ಸಂಕೇತದ ತಂತಿಯನ್ನೂ ಜೋಡಿಸಬೇಕು. ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಕ್ರಮವಾಗಿ ನಿಲ್ಲುವಂತೆ ಏರ್ಪಡಿಸಬೇಕು. ಶಾಲೆಯಲ್ಲಿ ಇನ್ವರ್ಟರ್ ಮಾತ್ರ ಇದ್ದರೆ ಅದು ಯು.ಪಿ.ಎಸ್. ಕ್ರಮದಲ್ಲಿ ನಡೆಯುವಂತೆ ಅದರ ಗುಂಡಿಯನ್ನು ಇಟ್ಟಿದೆಯೇ ಎಂದು ನೋಡಬೇಕು; ಇಲ್ಲವಾದರೆ ಬದಲಾಗುವ ಕ್ಷಣದಲ್ಲಿಯೇ ಗಣಕ ಆರಿಹೋದೀತು. ಭೂಸಂಪರ್ಕ ಸರಿಯಾಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಎರಡನೆಯ ಶತ್ರು ತಾಪ. ಹುಣಸೂರು, ಪಿರಿಯಾಪಟ್ಟಣಗಳ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಎಚ್ಚರವಿದ್ದು ಶಾಖಮಾಪಕ ನೋಡುವವರು ಅವರು. ಕೆಲವು ಡಿಗ್ರಿ ತಪ್ಪಿದರೆ ಸೊಪ್ಪಿನ ಬಣ್ಣ ಹೋಗುವುದೆಂದು ಬಲ್ಲವರು. ಡಿಸ್ಕಿನ ಒಳಗೂ ಒಂದು ಶಾಖಮಾಪಕವಿದೆ. ಅದನ್ನು ಓದುವ ತಂತ್ರಾಂಶ ಬೆಲೆಯಿಲ್ಲದೆ ದೊರೆಯುತ್ತದೆ. ಹಾರ್ಡ್ ಡಿಸ್ಕು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಕ್ಷೇಮ. ಅದೇ ತಂತ್ರಾಂಶ ಡಿಸ್ಕು ಎಷ್ಟು ಗಂಟೆ ದುಡಿದಿದೆ, ಎಷ್ಟು ಜಾಗ ಕೆಟ್ಟು ಬದಲಿ ಜಾಗ ಹಿಡಿದಿದೆ ಎಂಬುದನ್ನೂ ತಿಳಿಸುತ್ತದೆ. ಕೆಟ್ಟ ಜಾಗದ ಸಂಖ್ಯೆ ಏರುತ್ತಾ ಹೋದರೆ ಅದು ರೋಗಲಕ್ಷಣ. ಡಿಸ್ಕು ಸಾಯುವವರೆಗೆ ಕಾಯದೆ ಬದಲಿಸಬೇಕು. ಮೂರನೆಯ ಶತ್ರು ಧೂಳು. ಅದು ಬೀಸಣಿಗೆಯನ್ನು ಮುಚ್ಚಿ ತಾಪವನ್ನೇ ಹೆಚ್ಚಿಸುವುದರಿಂದ, ಕೊಠಡಿಯನ್ನು ಗುಡಿಸುವಷ್ಟೇ ನಿಯಮದಿಂದ ಪೆಟ್ಟಿಗೆಯನ್ನೂ ಶುಚಿಮಾಡಬೇಕು.

ಜೋಡಿ ಡಿಸ್ಕು ಪ್ರತಿಯಾದೀತೇ?

ಇಲ್ಲಿ ಒಂದು ಪೂರ್ವಪಕ್ಷ. "ಒಂದರ ಬದಲು ಎರಡು ಡಿಸ್ಕು ಹಾಕಿ, ಏಕಕಾಲದಲ್ಲಿ ಎರಡರಲ್ಲೂ ಬರೆಯುವಂತೆ ಮಾಡಿದರೆ ಸಾಲದೇ?" ಈ ಏರ್ಪಾಡಿಗೆ ರೇಡ್ ಎಂದು ಹೆಸರು, 1988ರಲ್ಲಿ ಬರ್ಕಲಿ ವಿಶ್ವವಿದ್ಯಾನಿಲಯದ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಿಂದ ಅದು ಪ್ರಸಿದ್ಧವಾಯಿತು. ಒಂದು ಡಿಸ್ಕು ಸತ್ತರೂ ಇನ್ನೊಂದರಿಂದ ಪಾಠ ನಿಲ್ಲದೆ ನಡೆಯುತ್ತದೆಯೆಂಬುದು ಇದರ ಗುಣ.

ಸಿದ್ಧಾಂತವೇನೆಂದರೆ, ಇದು ಸಾಲದು. ಒಬ್ಬನು ಓದಿ ಹೇಳುತ್ತಿರಲು ಇಬ್ಬರು ಲಿಪಿಕಾರರು ಓಲೆಯ ಮೇಲೆ ಬರೆದುಕೊಳ್ಳುತ್ತಿದ್ದಾರೆ ಎನ್ನೋಣ. ಓದುವವನು ಒಂದು ಪಂಕ್ತಿ ಬಿಟ್ಟರೆ ಅದು ಇಬ್ಬರ ಓಲೆಯಲ್ಲೂ ಬಿಟ್ಟುಹೋಗುತ್ತದೆ. ಜೋಡಿ ಡಿಸ್ಕಿನ ಸ್ಥಿತಿಯೂ ಅದೇ. ಒಬ್ಬ ತುಂಟ ಹುಡುಗ ಇಡೀ ತರಗತಿ ಕಟ್ಟಿದ ಊರನ್ನು ಅಳಿಸಿದರೆ ಎರಡು ಡಿಸ್ಕಿನಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ ಒಂದೇ ಪೆಟ್ಟಿಗೆಯ ಎರಡೂ ಒಟ್ಟಿಗೆ ಹೋಗುತ್ತವೆ. ಜೋಡಿ ಡಿಸ್ಕು ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಕಳೆದುದನ್ನು ಮರಳಿ ಕೊಡುವುದಿಲ್ಲ. ಮರಳಿ ಕೊಡಬಲ್ಲುದು ನಿನ್ನೆಯ ಪ್ರತಿ, ಕಳೆದ ವಾರದ ಪ್ರತಿ, ಕಳೆದ ತಿಂಗಳ ಪ್ರತಿ.

ತಿರುಗುವ ಹಾರ್ಡ್ ಡಿಸ್ಕಿಗೆ ಅದರ ಯೋಗ್ಯಸ್ಥಾನ ದೊರೆಯುವುದು ಇಲ್ಲಿಯೇ. ಪ್ರತಿ ತೆಗೆಯುವುದು ಪಾರಾಯಣದ ಕೆಲಸ. ಅದರಲ್ಲಿ ಅದು ಸಮರ್ಥವೆಂದು ಹಿಂದೆಯೇ ಹೇಳಿದೆ. ಟೆರಾಬೈಟಿಗೆ ಬೆಲೆಯೂ ಕಡಿಮೆ. ಅಲ್ಲದೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟ ಎಸ್.ಎಸ್.ಡಿ.ಯ ಕೋಶಗಳಿಂದ ವಿದ್ಯುದಂಶ ಮೆಲ್ಲನೆ ಸೋರಿಹೋಗಬಹುದು; ಬೀರುವಿನ ವಾಸಕ್ಕೆ ಕಾಂತತಟ್ಟೆಯೇ ಲೇಸು. ಏಳು ದಿನದ ಏಳು ಪ್ರತಿ, ನಾಲ್ಕು ವಾರದ ನಾಲ್ಕು, ಹನ್ನೆರಡು ತಿಂಗಳ ಹನ್ನೆರಡು - ಒಟ್ಟು 23 ಪ್ರತಿ. ಲೋಕ 5 ಗಿಗಾಬೈಟಿನದಾದರೆ ಇವೆಲ್ಲಕ್ಕೂ 115 ಗಿಗಾಬೈಟು ಸಾಕು. ಒಂದು ಸಾಮಾನ್ಯ ಡಿಸ್ಕಿನಲ್ಲಿ ಹಲವು ತರಗತಿಗಳ ವರ್ಷದ ಚರಿತ್ರೆಯೇ ಉಳಿದೀತು. ಆದರೆ ಆಟ ನಡೆಯುತ್ತಿರುವಾಗ ಕಡತವನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿದ ಅಪಪಾಠ ದೊರೆತೀತು. ಸರ್ವರನ್ನು ನಿಲ್ಲಿಸಿ ಪ್ರತಿ ತೆಗೆಯಬೇಕು. ತೆಗೆದ ಪ್ರತಿಯನ್ನು ಅವಧಿಗೊಮ್ಮೆ ಬೇರೆ ಗಣಕದಲ್ಲಿ ತೆರೆದು ನೋಡಲೂ ಬೇಕು. ತಾಳೆ ನೋಡದ ಪ್ರತಿ ಪ್ರತಿಯೇ ಅಲ್ಲ.

ಪ್ರತಿ ಇರಬೇಕಾದುದು ಎಲ್ಲಿ?

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆಡೆಯಲ್ಲಿ - ಇದು ಈಗ ಲೋಕಪ್ರಸಿದ್ಧವಾದ ಸೂತ್ರ. ಇದರ ಕೊನೆಯ ಅಂಗದ ಮಹತ್ವವನ್ನು ನಮ್ಮ ಸೀಮೆಯ ಚರಿತ್ರೆಯೇ ಹೇಳುತ್ತದೆ. ಕಾವೇರಿಯ ಪ್ರವಾಹದಿಂದ ಎಡತೊರೆಗೆ ಹಾನಿಯಾದ ಮೇಲೆ ಹೊಸ ಊರಾಗಿ ಕೃಷ್ಣರಾಜನಗರ ನಿರ್ಮಾಣವಾಯಿತು. ಒಂದೇ ಊರಿನಲ್ಲಿ ಹತ್ತು ಪ್ರತಿಯಿದ್ದರೂ ಹೊಳೆಗೆ ಅವು ಒಂದೇ ತುತ್ತು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇನ್ನೊಂದು ಪಾಠ ಕಲಿಸುತ್ತದೆ. 1987ರಲ್ಲಿ ಆರಂಭವಾದ ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಅಲ್ಲಿಯ ಸೆರಾ ಮೇ ವಿಹಾರದ ಭಿಕ್ಷುಗಳು ಟಿಬೆಟಿನ ಪ್ರಾಚೀನ ಗ್ರಂಥಗಳನ್ನು ಗಣಕದಲ್ಲಿ ಅಕ್ಷರಶಃ ಬೆರಳಚ್ಚು ಮಾಡಿದರು. ಆಗಿನ ಫ್ಲಾಪಿಗಳನ್ನು ಓದುವ ಯಂತ್ರಗಳೇ ಇಂದು ಅಪರೂಪ. ಗ್ರಂಥಗಳು ಮಾತ್ರ ಒಂದು ಸಾಧನದಿಂದ ಮತ್ತೊಂದಕ್ಕೆ ದಾಟಿ ಉಳಿದಿವೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಪ್ರಸಿದ್ಧ ನಿದರ್ಶನವೂ ಇದನ್ನೇ ಸಾರುತ್ತದೆ. ಕಳೆದುಹೋಯಿತೆಂದು ಲೋಕ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ 1909ರಲ್ಲಿ ಪ್ರಕಟಿಸಿದರು. ಅಷ್ಟು ಶತಮಾನ ಬಾಳಿದ್ದು ಒಂದೇ ಓಲೆಯಲ್ಲ. ಓಲೆಯಿಂದ ಓಲೆಗೆ ಅದನ್ನು ಬರೆದಿಟ್ಟ ಹೆಸರಿಲ್ಲದ ಲಿಪಿಕಾರರ ಶ್ರದ್ಧೆ. ಓಲೆಯೂ ಶಾಶ್ವತವಲ್ಲ, ಡಿಸ್ಕೂ ಶಾಶ್ವತವಲ್ಲ. ಪ್ರತಿಮಾಡುವ ಪದ್ಧತಿ ಮಾತ್ರ ಶಾಶ್ವತ.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

1. ಲೋಕವನ್ನು ಇಡಲು 500 ಗಿಗಾಬೈಟು ಅಥವಾ 1 ಟೆರಾಬೈಟಿನ ಎಸ್.ಎಸ್.ಡಿ.; ಪ್ರತಿಗಳಿಗೆ ಎರಡು ಹಾರ್ಡ್ ಡಿಸ್ಕು. ಹಣ ಸಾಲದಿದ್ದರೆ ಎಸ್.ಎಸ್.ಡಿ.ಯ ಗಾತ್ರವನ್ನು ಇಳಿಸಬೇಕೇ ಹೊರತು ಪ್ರತಿಯ ಡಿಸ್ಕನ್ನು ಬಿಡಬಾರದು.

2. ಕಾವಲು ಕ್ಯಾಮರಾಗಳಿಗೆಂದು ಮಾಡಿದ ಡಿಸ್ಕು ಎಡೆಬಿಡದೆ ಚಿತ್ರ ಬರೆಯುವುದಕ್ಕೆ ತಕ್ಕುದು. ಅದನ್ನು ಆಟದ ಲೋಕಕ್ಕೆ ಬಳಸಬಾರದು.

3. ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಬರಹದ ಪಥಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹಾಸಿರುತ್ತವೆ, ಇವಕ್ಕೆ ಎಸ್.ಎಂ.ಆರ್. ಎಂದು ಹೆಸರು. ನಡುವಣ ಹೆಂಚು ಬದಲಿಸಲು ಸುತ್ತಲಿನವನ್ನು ಸರಿಸಬೇಕಾದಂತೆ, ತಿದ್ದಿ ಬರೆಯುವಾಗ ಇವು ಬಹಳ ನಿಧಾನ. ಬೀರುವಿನ ಪ್ರತಿಗೆ ಆಗಬಹುದು. ಜೋಡಿ ಡಿಸ್ಕಿನ ಏರ್ಪಾಡಿಗೆ ಬೇಡ.

4. 1 ಟೆರಾಬೈಟಿನ ಡಿಸ್ಕನ್ನು ವಿಂಡೋಸ್ ಗಣಕ 931 ಗಿಗಾಬೈಟೆಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದಿಂದಲೂ ಗಣಕ 1024ರಿಂದಲೂ ಎಣಿಸುವುದರ ಫಲ. ಆದರೆ ಅಗ್ಗದ ಬೆಲೆಗೆ 16 ಟೆರಾಬೈಟಿನ ಪುಟ್ಟ ಎಸ್.ಎಸ್.ಡಿ. ಎಂದು ಮಾರುವುದು ಮೋಸವೇ.

5. ಹೊಸದೆಂದು ಕೊಂಡ ಡಿಸ್ಕು ಎಷ್ಟು ಗಂಟೆ ದುಡಿದಿದೆಯೆಂದು ಬಂದ ದಿನವೇ ನೋಡಬೇಕು. ಭರವಸೆಯ ಅವಧಿಯ ರಸೀದಿಯನ್ನು ಶಾಲೆಯ ದಾಖಲೆಯಲ್ಲಿ ಇಡಬೇಕು.

ವಿಜ್ಞಾಪನೆ

ದಾನದ ಫಲಕದಲ್ಲಿ ಸರ್ವರಿನ ಹೆಸರು ಕೆತ್ತಿಸಬಹುದು. ಬೀರುವಿನಲ್ಲಿ ಮಲಗಿರುವ ಪ್ರತಿಯ ಡಿಸ್ಕು ಯಾರ ಕಣ್ಣಿಗೂ ಬೀಳದು. ಆ ಕಾರಣದಿಂದಲೇ ಅದಕ್ಕೆ ಹಣ ಕೊಡುವವರು ವಿರಳ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಕೊರತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ನಾಲ್ಕು ತಾಲ್ಲೂಕುಗಳ ಶಾಲೆಗಳು ಪರಸ್ಪರ ಒಪ್ಪಿಕೊಂಡು, ಹುಣಸೂರಿನ ಶಾಲೆಯ ಪ್ರತಿಯನ್ನು ಕೃಷ್ಣರಾಜನಗರದಲ್ಲಿ, ಪಿರಿಯಾಪಟ್ಟಣದ್ದನ್ನು ಹೆಗ್ಗಡದೇವನಕೋಟೆಯಲ್ಲಿ ಇರಿಸಿಕೊಂಡು ತಿಂಗಳಿಗೊಮ್ಮೆ ಬದಲಿಸುವ ಏರ್ಪಾಡಾದರೆ, ಹೆಚ್ಚಿನ ವೆಚ್ಚವಿಲ್ಲದೆ ಎಲ್ಲರ ಕೆಲಸವೂ ಸುರಕ್ಷಿತವಾದೀತು. ಪ್ರತಿ ತೆಗೆಯುವ ಕೆಲಸವನ್ನು ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ಸರದಿಯ ಮೇಲೆ ವಹಿಸಿ, ಉಪಾಧ್ಯಾಯರು ತಾಳೆ ನೋಡಬಹುದು. ಹಿಂದಿನ ಲಿಪಿಕಾರರು ಗ್ರಂಥ ಮುಗಿಸಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಇದನ್ನು ಕಾಪಾಡಿರೆಂದು ಮುಂದಿನವರನ್ನು ಬೇಡುತ್ತಿದ್ದರು. ಮಕ್ಕಳು ಕಟ್ಟಿದ್ದು ಆಟದ ಊರೇ ಆಗಿರಲಿ, ಅವರ ಶ್ರಮ ಆಟವಲ್ಲ. ಅದನ್ನು ಕಾಯುವ ಹೊಣೆ ಹಿರಿಯರದು ಎಂದು ವಿಜ್ಞಾಪಿಸಿ ವಿರಮಿಸುತ್ತೇನೆ.